ಚಿಲ್ಲರೆಯನ್ನು ಕಣ್ತುಂಬ ನೋಡುವುದು ಹೇಗೆ?

ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವಾಗ ಆ ಡಬ್ಬಿ ಕೈಗೆ ಸಿಗುತ್ತದೆ. ಮುಚ್ಚಳ ಬಿಗಿದಿರುತ್ತದೆ, ಅಲ್ಲಾಡಿಸಿದರೆ ಗಲಗಲ ಸದ್ದು. ಒಳಗೆ ನಾಲ್ಕಾಣೆ, ಎಂಟಾಣೆ, ಹೂವಿನ ಅಂಚಿನ ಹತ್ತು ಪೈಸೆ, ಕಪ್ಪುಗಟ್ಟಿದ ಯಾವುದೋ ತಾಮ್ರದ ಬಿಲ್ಲೆ. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದು. ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: “ಇದಕ್ಕೆಲ್ಲ ಈಗ ಎಷ್ಟು ಬರುತ್ತೆ?” ಒಬ್ಬರು ಮೊಬೈಲ್ ತೆಗೆದು ಹುಡುಕುತ್ತಾರೆ. ಲಕ್ಷಗಟ್ಟಲೆ ಸಿಗುತ್ತದೆ ಎಂದು ಯಾವುದೋ ವಿಡಿಯೊ ಹೇಳುತ್ತದೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಎರಡೂ ಸರಿಹೋಗದೆ ಡಬ್ಬಿ ಮತ್ತೆ ಅಟ್ಟ ಸೇರುತ್ತದೆ.

ಇಷ್ಟೆಲ್ಲ ನಡೆದರೂ ಒಂದು ನಾಣ್ಯವನ್ನಾದರೂ ಯಾರೂ ಸರಿಯಾಗಿ ನೋಡಿರುವುದಿಲ್ಲ.

ನಾಣ್ಯವನ್ನು ಎಣಿಸುವುದನ್ನು ನಮಗೆ ಒಂದನೇ ತರಗತಿಯಲ್ಲೇ ಕಲಿಸಿದರು. ನೋಡುವುದನ್ನು ಯಾರೂ ಕಲಿಸಲಿಲ್ಲ. ಈಗ ಎಣಿಸುವ ಕೆಲಸವೂ ಹೆಚ್ಚುಕಡಿಮೆ ಮುಗಿದಿದೆ. 2016ರಲ್ಲಿ ಯುಪಿಐ ಶುರುವಾದ ಮೇಲೆ ಸೊಪ್ಪಿನ ಗಾಡಿ, ಎಳನೀರಿನ ರಾಶಿ, ಹೂವಿನ ಬುಟ್ಟಿ, ಎಲ್ಲದರ ಪಕ್ಕದಲ್ಲೂ ಕ್ಯೂಆರ್ ಫಲಕ ನಿಂತಿದೆ. ಇವತ್ತಿನ ಮಕ್ಕಳು ನಾಣ್ಯವನ್ನು ಹತ್ತಿರದಿಂದ ಕಾಣುವುದು ಮುಯ್ಯಿ ಕವರಿಗೆ ಅಂಟಿಸಿದ ಆ ಒಂದು ರೂಪಾಯಿಯಲ್ಲಿ, ಇಲ್ಲವೇ ಮಂಗಳಾರತಿ ತಟ್ಟೆಯಲ್ಲಿ.

ಕೈಯಿಂದ ಕೈಗೆ ಓಡುತ್ತಿದ್ದಾಗ ನಾಣ್ಯವನ್ನು ನೋಡಲು ಪುರಸೊತ್ತು ಇರಲಿಲ್ಲ. ಕಂಡಕ್ಟರ್ ಅವಸರ, ಅಂಗಡಿಯವರ ಅವಸರ, ನಮ್ಮ ಅವಸರ. ಈಗ ಅದು ಡಬ್ಬಿಯಲ್ಲಿ ಸುಮ್ಮನೆ ಕೂತಿದೆ. ಕೂತು ನೋಡಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಹಣ ಖರ್ಚು ಮಾಡದೆ, ಹೊಸದೇನನ್ನೂ ಕೊಳ್ಳದೆ, ಮನೆಯಲ್ಲಿರುವ ಚಿಲ್ಲರೆಯನ್ನೇ ಪುಟ್ಟ ಶಿಲ್ಪಗಳಂತೆ ನೋಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಸ್ವಲ್ಪ ಹಿನ್ನೆಲೆ

ಹಣ, ದುಡ್ಡು, ಕಾಸು. ಇವತ್ತು ಈ ಮೂರಕ್ಕೂ ನಮಗೆ ಒಂದೇ ಅರ್ಥ. ಒಂದು ಕಾಲಕ್ಕೆ ಇವು ಬೇರೆ ಬೇರೆ ನಾಣ್ಯಗಳ ಹೆಸರಾಗಿದ್ದವು. ಹಣ ಚಿನ್ನದ್ದು, ದುಡ್ಡು ಮತ್ತು ಕಾಸು ತಾಮ್ರದ್ದು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಸಂಗತಿಯನ್ನು ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲೇ “ಶ್ರೀ ತಳಕಾಡುಗೊಂಡ” ಎಂದು ಬರೆಸಿದ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಅಷ್ಟೂ ಚಿತ್ರ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ. ಇಕ್ಕೇರಿ ನಾಯಕರ ವರಹದಲ್ಲಿದ್ದ ಶಿವ-ಪಾರ್ವತಿಯರನ್ನು ಹೈದರಾಲಿ ತೆಗೆಯಲಿಲ್ಲ. ಮುಂಬದಿಯಲ್ಲಿ ಅದೇ ಚಿತ್ರವನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಂಠೀರಾಯ ಹಣವಂತೂ ತೊಗರಿಬೇಳೆಯಷ್ಟು ದೊಡ್ಡದು, ಅದರ ಮೇಲೆ ನರಸಿಂಹ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಆನೆಯೂ ಇದೆ, “ಮಯಿಲಿ ಕಾಸು” ಎಂಬ ಕನ್ನಡ ಬರಹವೂ ಇದೆ.

ಇವುಗಳಲ್ಲಿ ಯಾವುದೂ ನಿಮ್ಮ ಡಬ್ಬಿಯಲ್ಲಿ ಇರಬೇಕಿಲ್ಲ. 1950ರ ಆಗಸ್ಟ್ 15ರಿಂದ ಈಚೆಗೆ ಗಣರಾಜ್ಯ ಹೊರಡಿಸಿದ ನಾಣ್ಯಗಳೇ ಕಣ್ಣು ಪಳಗಿಸಲು ಧಾರಾಳ ಸಾಕು.

ಮೊದಲು ಇದನ್ನು ತಿಳಿಯಿರಿ: ನಾಣ್ಯ ನೆರಳಿನಿಂದ ಕಾಣುತ್ತದೆ

ಚಿತ್ರಕ್ಕೆ ಬಣ್ಣ ಇದೆ, ಮೂರ್ತಿಗೆ ಗಾತ್ರ ಇದೆ. ನಾಣ್ಯಕ್ಕೆ ಎರಡೂ ಇಲ್ಲ. ಒಂದೇ ಬಣ್ಣದ ಲೋಹದ ಮೇಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತರದ ಉಬ್ಬು, ಅಷ್ಟೇ. ಆ ಉಬ್ಬಿನ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದು ಮಗ್ಗುಲಿಗೆ ನೆರಳು ಬಿದ್ದಾಗ ಮಾತ್ರ ಸಿಂಹಕ್ಕೆ ಕೇಸರ ಬರುತ್ತದೆ, ಹೂವಿಗೆ ದಳ ಬರುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟಿನ ಬೆಳಕು ನೇರವಾಗಿ ಬಿದ್ದು ನೆರಳನ್ನೆಲ್ಲ ಅಳಿಸಿಬಿಡುತ್ತದೆ. “ಏನೂ ವಿಶೇಷ ಕಾಣುತ್ತಿಲ್ಲ” ಎಂದು ನಮಗೆ ಅನಿಸುವುದು ಇದರಿಂದಲೇ.

ಬೇಲೂರಿಗೆ ಹೋದವರಿಗೆ ಇದು ಗೊತ್ತು. ನವರಂಗದ ಕತ್ತಲಲ್ಲಿ ನಿಂತಾಗ ಭುವನೇಶ್ವರಿ ಬರೀ ಕಪ್ಪು ಕಲ್ಲು. ದೀಪದ ಬೆಳಕು ಓರೆಯಾಗಿ ಬಿದ್ದ ಕೂಡಲೇ ಕೆತ್ತನೆಯೆಲ್ಲ ಎದ್ದು ನಿಲ್ಲುತ್ತದೆ. ನಿಮ್ಮ ಅಂಗೈಯ ನಾಲ್ಕಾಣೆಗೂ ಬೇಕಾದ್ದು ಅದೇ ಓರೆ ಬೆಳಕು.

ನಾಣ್ಯ ತಯಾರಾಗುವ ಬಗೆಯನ್ನೂ ಒಂದು ಮಾತಿನಲ್ಲಿ ತಿಳಿದಿರಿ. ಕಲಾವಿದರು ಮೊದಲು ದೊಡ್ಡ ಗಾತ್ರದಲ್ಲಿ ಮಾದರಿ ಮಾಡುತ್ತಾರೆ. ಅದನ್ನು ಯಂತ್ರದಿಂದ ನಾಣ್ಯದ ಅಳತೆಗೆ ಕಿರಿದು ಮಾಡಿ ಉಕ್ಕಿನ ಅಚ್ಚು ತೆಗೆಯುತ್ತಾರೆ. ಖಾಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒಂದೇ ಏಟಿಗೆ ಒತ್ತಿದಾಗ ಎರಡು ಮುಖಗಳೂ ಒಟ್ಟಿಗೆ ಮೂಡುತ್ತವೆ. ಸುತ್ತಲಿನ ಉಕ್ಕಿನ ಬಳೆ ಅಂಚನ್ನು ರೂಪಿಸುತ್ತದೆ. ದೊಡ್ಡದಾಗಿ ಬಿಡಿಸಿದ್ದು ಸಣ್ಣದಾದಾಗಲೂ ಉಳಿಯಬೇಕು, ಸಾವಿರಾರು ಕೈಗಳಲ್ಲಿ ಸವೆದ ಮೇಲೂ ಗುರುತು ಸಿಗಬೇಕು. ನಾಣ್ಯದ ಕಲಾವಿದನ ಕಷ್ಟ ಇರುವುದು ಇಲ್ಲಿ.

ಬೇಕಾದ ಸಾಮಾನು

ಒಂದು ಭೂತಗನ್ನಡಿ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಮಸೂರವಾದರೆ ಇನ್ನೂ ಚೆನ್ನ. ಒಂದು ಟೇಬಲ್ ಲ್ಯಾಂಪ್ ಅಥವಾ ಬೆಳಗಿನ ಬಿಸಿಲು ಬರುವ ಕಿಟಕಿ. ಮೆತ್ತನೆಯ ಹತ್ತಿ ಬಟ್ಟೆ, ಸಣ್ಣ ಆಯಸ್ಕಾಂತ, ತೆಳು ಕಾಗದ, ಪೆನ್ಸಿಲ್. ಇಷ್ಟೇ.

ನೋಡುವ ಕ್ರಮ

1. ಡಬ್ಬಿ ಸುರಿಯಬೇಡಿ, ಒಂದನ್ನು ಆರಿಸಿ. ರಾಶಿ ಹಾಕಿದರೆ ಕಣ್ಣು ತಾನಾಗಿಯೇ ಎಣಿಸಲು ಶುರುಮಾಡುತ್ತದೆ. ಒಂದು ದಿನಕ್ಕೆ ಒಂದು ನಾಣ್ಯ ಸಾಕು. ಕೈ ತೊಳೆದು ಒರೆಸಿಕೊಂಡು, ಮೇಜಿನ ಮೇಲೆ ಬಟ್ಟೆ ಹಾಸಿ, ನಾಣ್ಯದ ಅಂಚನ್ನು ಮಾತ್ರ ಹಿಡಿಯಿರಿ. ಬೆರಳಿನ ಬೆವರು, ಎಣ್ಣೆ ಮುಖದ ಮೇಲೆ ಕೂತರೆ ಕೆಲವು ತಿಂಗಳಲ್ಲಿ ಕಪ್ಪು ಬೆರಳಚ್ಚಾಗಿ ಉಳಿದುಬಿಡುತ್ತದೆ.

2. ಬೆಳಕನ್ನು ಮಲಗಿಸಿ. ಟೇಬಲ್ ಲ್ಯಾಂಪನ್ನು ಆದಷ್ಟು ಬಗ್ಗಿಸಿ, ಬೆಳಕು ಮೇಜಿನ ಮೇಲೆ ಹರಿದುಬರುವಂತೆ ಇಡಿ. ಕೋಣೆಯ ಬೇರೆ ದೀಪ ಆರಿಸಿ. ಆಮೇಲೆ ನಾಣ್ಯವನ್ನು ಗಡಿಯಾರದ ಮುಳ್ಳಿನಂತೆ ನಿಧಾನ ತಿರುಗಿಸಿ.

ಶುರುಮಾಡಲು ನನ್ನ ಆಯ್ಕೆ ಘೇಂಡಾಮೃಗದ ನಾಲ್ಕಾಣೆ. 1988ರಿಂದ 2002ರವರೆಗೆ ಬಂದ ಸ್ಟೇನ್‌ಲೆಸ್ ಸ್ಟೀಲಿನ 25 ಪೈಸೆ, 19 ಮಿಲಿಮೀಟರ್ ಅಗಲ. ಯಾರ ಮನೆಯಲ್ಲಾದರೂ ಎರಡು ಮೂರು ಇದ್ದೇ ಇರುತ್ತವೆ. ಹಗಲು ಬೆಳಕಲ್ಲಿ ನೋಡಿದರೆ ಒಂದು ಪ್ರಾಣಿಯ ಆಕಾರ, ಮುಗಿಯಿತು. ದೀಪ ಬಗ್ಗಿಸಿ ನೋಡಿ. ಮೊದಲು ಬೆನ್ನಿನ ಗೆರೆ ಹೊಳೆಯುತ್ತದೆ. ಸ್ವಲ್ಪ ತಿರುಗಿಸಿದರೆ ಭುಜದ ಹತ್ತಿರ ಒಂದು ಮಡಿಕೆ, ತೊಡೆಯ ಹತ್ತಿರ ಇನ್ನೊಂದು ಮಡಿಕೆ. ಒಂಟಿ ಕೊಂಬಿನ ನಮ್ಮ ಘೇಂಡಾಮೃಗದ ಚರ್ಮ ಗುರಾಣಿ ತುಂಡುಗಳನ್ನು ಜೋಡಿಸಿದಂತೆ ಇರುತ್ತದಲ್ಲ, ಆ ದಪ್ಪ ಚರ್ಮ ಈ ಪುಟ್ಟ ಬಿಲ್ಲೆಯಲ್ಲಿ ಬಂದಿದೆ. ಇನ್ನೂ ತಿರುಗಿಸಿದರೆ ಹೊಟ್ಟೆಯ ಕೆಳಗೆ ನೆರಳು ತುಂಬಿ, ಪ್ರಾಣಿಗೆ ಭಾರ ಬರುತ್ತದೆ. ನಾನು ಇದನ್ನು ಮೊದಲ ಸಲ ಹೀಗೆ ನೋಡಿದ ರಾತ್ರಿ ಅರ್ಧ ಗಂಟೆ ಕೆಳಗಿಡಲಿಲ್ಲ. ಬಾಲ್ಯದಲ್ಲಿ ಶುಂಠಿ ಪೆಪ್ಪರಮೆಂಟಿಗೆ ಕೊಟ್ಟು ಕಳೆದ ನಾಣ್ಯವೇ ಅದು.

ಹೀಗೆ ನೋಡುವಾಗ ಸವೆತವನ್ನೂ ಓದಬಹುದು. ಮುಖದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವೇ ಮೊದಲು ಸವೆಯುತ್ತದೆ. ಸಿಂಹದ ಎದೆ ನುಣುಪಾಗಿ ಅಕ್ಷರಗಳು ಚೂಪಾಗಿದ್ದರೆ, ಆ ನಾಣ್ಯ ಜೇಬುಗಳಲ್ಲಿ ತಿರುಗಿದೆ ಎಂದರ್ಥ. ಕಾಸಿನ ಸರದ ಹಳೆಯ ಕಾಸುಗಳಲ್ಲೂ ಇದೇ ನಿಯಮ: ಮೈಗೆ ತಾಗುವ ಬದಿ ನುಣುಪು, ಹೊರಬದಿ ಅಷ್ಟಿಲ್ಲ.

3. ತಿರುಗಿಸುವ ದಿಕ್ಕು ಗಮನಿಸಿ. ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಪುಟ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿ. ಇಂದಿನ ಭಾರತದ ನಾಣ್ಯದಲ್ಲಿ ಹಿಂಬದಿಯೂ ನೆಟ್ಟಗೇ ನಿಂತಿರುತ್ತದೆ. ಅಮೆರಿಕದಲ್ಲಿರುವ ಬಂಧುಗಳು ತಂದ ಡಾಲರ್ ಚಿಲ್ಲರೆಯನ್ನು ಹೀಗೇ ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿರುತ್ತದೆ. ಒಂದೊಂದು ದೇಶದ್ದು ಒಂದೊಂದು ಪದ್ಧತಿ.

4. ಸಿಂಹಗಳ ಕಾಲ ಬುಡಕ್ಕೆ ಬನ್ನಿ. ಎಲ್ಲ ನಾಣ್ಯದಲ್ಲೂ ಇರುವ ಸಾರನಾಥದ ಸಿಂಹಗಳನ್ನು ನಾವು ಎಷ್ಟು ಸಲ ಕಂಡಿದ್ದೇವೆಂದರೆ ಅವನ್ನು ನೋಡುವುದನ್ನೇ ಬಿಟ್ಟಿದ್ದೇವೆ. ಭೂತಗನ್ನಡಿ ಹಿಡಿದು ಸಿಂಹಗಳ ಕೆಳಗಿನ ಪೀಠಕ್ಕೆ ಕಣ್ಣಿಡಿ. ನಡುವೆ ಚಕ್ರ. ಅದರ ಎರಡು ಬದಿಗೆ ಎರಡು ಪ್ರಾಣಿ: ಎಡಕ್ಕೆ ಓಡುವ ಕುದುರೆ, ಬಲಕ್ಕೆ ಗೂಳಿ. ದೊಡ್ಡ ನಾಣ್ಯದಲ್ಲಿ ಕಾಲುಗಳನ್ನೂ ಎಣಿಸಬಹುದು. ಚಿಕ್ಕದರಲ್ಲಿ ಬರೀ ಎರಡು ಚುಕ್ಕಿ. ಅಷ್ಟು ಚಿಕ್ಕ ಜಾಗದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕಲಾವಿದ ತೀರ್ಮಾನಿಸಿದ್ದು ಅಲ್ಲಿ ಕಾಣುತ್ತದೆ.

ಈಗ ಡಬ್ಬಿಯಲ್ಲಿ ಆಣೆ ಕಾಲದ ನಾಣ್ಯ ಇದ್ದರೆ ಹುಡುಕಿ. 1950ರಲ್ಲಿ ರಾಜನ ತಲೆ ಹೋಗಿ ಸಿಂಹಗಳು ಬಂದಾಗ, ಇದೇ ಎರಡು ಪ್ರಾಣಿಗಳು ಹಿಂಬದಿಯಲ್ಲಿ ದೊಡ್ಡದಾಗಿ ನಿಂತವು. ಒಂದು ಪೈಸೆಯ ಕಂಚಿನ ನಾಣ್ಯಕ್ಕೆ ಕುದುರೆ; ಅರ್ಧಾಣೆ, ಒಂದಾಣೆ, ಎರಡಾಣೆಗೆ ಗೂಳಿ; ಕಾಲು, ಅರ್ಧ, ಒಂದು ರೂಪಾಯಿಗೆ ತೆನೆ. ರಾಜಮಹಾರಾಜರ ಮುಖವಿಲ್ಲದ ಮೊದಲ ಸರಣಿಗೆ ಉಳುವ ಎತ್ತಿನ ಬಳಗ, ಬೆಳೆದ ತೆನೆ ಸಾಕೆಂದು ಒಂದು ಹೊಸ ದೇಶ ಆರಿಸಿಕೊಂಡಿತು. ಗಣರಾಜ್ಯದ ನಾಣ್ಯಗಳಲ್ಲಿ ನನಗೆ ಇವತ್ತಿಗೂ ಅತ್ಯಂತ ಚೆಲುವಾಗಿ ಕಾಣುವುದು ಈ ಸರಣಿ. ಹಿಣಿಲು ಎತ್ತಿ ನಿಂತ ಆ ಗೂಳಿಯ ಸುತ್ತ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ.

5. ಖಾಲಿ ಜಾಗ ಮತ್ತು ಅಕ್ಷರ. ಒಳ್ಳೆಯ ರಂಗೋಲಿಯಂತೆ ಒಳ್ಳೆಯ ನಾಣ್ಯಕ್ಕೂ ಬಿಟ್ಟ ಜಾಗ ಮುಖ್ಯ. 1968ರಿಂದ 1971ರ ನಡುವೆ ಬಂದ ಹಳದಿ ಲೋಹದ 20 ಪೈಸೆ ನೋಡಿ. ನಡುವೆ ಅರಳಿದ ಒಂದು ತಾವರೆ. ಬಣ್ಣಕ್ಕೂ ಹೂವಿಗೂ ಮನಸೋತು ಎಷ್ಟೋ ಮನೆಯವರು ಅದನ್ನು ಲಕ್ಷ್ಮೀ ಪೂಜೆಗೆ ಇಟ್ಟುಕೊಂಡರು, ಖರ್ಚು ಮಾಡಲಿಲ್ಲ. ಕಲೆಯೆಂದು ಯಾರೂ ಹೇಳದಿದ್ದರೂ ಜನ ಅದನ್ನು ಕಲೆಯಾಗಿಯೇ ಕಂಡರು.

ಇದರ ಪಕ್ಕಕ್ಕೆ 2003ರ ಎರಡು ರೂಪಾಯಿ ಇಡಿ: ರೈಲ್ವೆಯ 150 ವರ್ಷಕ್ಕೆ ಬಂದ, ದೀಪ ಹಿಡಿದ ಆನೆ ಗಾರ್ಡ್ ಭೋಲು. ಭೋಲು ಮೊದಲು ಜನರ ಮುಂದೆ ಬಂದದ್ದು ನಮ್ಮ ಬೆಂಗಳೂರಿನಲ್ಲೇ, 2002ರ ಏಪ್ರಿಲ್ 16ರಂದು, ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಹಸಿರು ನಿಶಾನೆ ತೋರಿಸಲು. ಮಕ್ಕಳಿಗೆ ಮೊದಲು ತೋರಿಸಬೇಕಾದ ನಾಣ್ಯ ಇದು. 2006ರ ಬಸವೇಶ್ವರರ ಐದು ರೂಪಾಯಿಯೂ ನಿಮ್ಮ ಡಬ್ಬಿಯಲ್ಲಿ ಇರಬಹುದು. ಮುಖಚಿತ್ರದ ನಾಣ್ಯಗಳಲ್ಲಿ ಕಣ್ಣು, ಮೂಗಿನ ನೆರಳು ನೋಡಿ: ಮನುಷ್ಯನ ಮುಖವನ್ನು ಇಷ್ಟು ತೆಳು ಉಬ್ಬಿನಲ್ಲಿ ತರುವುದು ಪ್ರಾಣಿ ಹೂವುಗಳಿಗಿಂತ ಬಹಳ ಕಷ್ಟ. ಎಲ್ಲ ಮುಖಗಳೂ ಚೆನ್ನಾಗಿ ಬಂದಿಲ್ಲ. ಯಾವುದು ಚೆನ್ನ, ಯಾವುದು ಸಪ್ಪೆ ಎಂದು ನೀವೇ ಹೇಳಲು ಶುರುಮಾಡಿದ ದಿನ ನಿಮ್ಮ ಕಣ್ಣು ಪಳಗಿದೆ.

2007ರಿಂದ ಬಂದ ಹಸ್ತಮುದ್ರೆ ಸರಣಿಯನ್ನು ಬಹಳ ಜನ ಇಷ್ಟಪಡಲಿಲ್ಲ. ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು, 50 ಪೈಸೆಗೆ ಮುಷ್ಟಿ. ನನಗೆ ಅದರ ಕಲ್ಪನೆ ಇಷ್ಟ. ಓದು ಬಾರದವರೂ ಬೆರಳು ನೋಡಿ ಬೆಲೆ ತಿಳಿಯಬಹುದು. ಗೆರೆ ಮಾತ್ರ ತೀರ ತೆಳು, ಓರೆ ಬೆಳಕಿಗೂ ಅಷ್ಟಾಗಿ ಏಳುವುದಿಲ್ಲ. 2011ರ ಸರಣಿಯಿಂದ ಈಚೆಗೆ ರೂಪಾಯಿ ಚಿಹ್ನೆ ಬಂದಿದೆ. 2010ರಲ್ಲಿ ಒಪ್ಪಿಗೆಯಾದ ಆ ಚಿಹ್ನೆಯ ಎರಡು ಅಡ್ಡಗೆರೆಗಳು ನಾಣ್ಯದಲ್ಲಿ ಎಷ್ಟು ಅಗಲಕ್ಕೆ ಕೂತಿವೆ ಎಂಬುದನ್ನು ಬೇರೆ ಬೇರೆ ಬೆಲೆಯ ನಾಣ್ಯಗಳಲ್ಲಿ ಹೋಲಿಸಿ.

6. ಕಣ್ಣು ಮುಚ್ಚಿ. ನಾಣ್ಯ ಮೊದಲು ಬೆರಳಿಗೆ ಸೇರಿದ ಕಲೆ. ಜೇಬಿನಲ್ಲಿ ಕೈಬಿಟ್ಟು ನೋಡದೆ ಬೇಕಾದ್ದನ್ನು ತೆಗೆಯಬೇಕು. ಅಲ್ಯೂಮಿನಿಯಂ ಪೈಸೆಗಳನ್ನು ಮಾಡಿದವರು ಇದನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ನೋಡಿ. ಒಂದು ಪೈಸೆ ಚೌಕ, ಎರಡು ಪೈಸೆಗೆ ಅಲೆಯಂತೆ ಬಾಗಿದ ಅಂಚು, ಮೂರು ಪೈಸೆಗೆ ಆರು ಮೂಲೆ, ಐದು ಪೈಸೆ ಮತ್ತೆ ಚೌಕ ಆದರೆ ದೊಡ್ಡದು, ಹತ್ತು ಪೈಸೆಗೆ ಹೂವಿನ ಅಂಚು, 1982ರಿಂದ ಬಂದ 20 ಪೈಸೆಗೆ ಆರು ಮೂಲೆ. ಒಂದು ಪೈಸೆಯ ತೂಕ ಸುಮಾರು ಮುಕ್ಕಾಲು ಗ್ರಾಂ; ಬೀಸಣಿಗೆ ಗಾಳಿಗೆ ಹಾರಿಹೋಗುವಷ್ಟು ಹಗುರ ಎಂದು ಅಮ್ಮ ಹೇಳುತ್ತಿದ್ದರು. ಆದರೂ ಕತ್ತಲಲ್ಲಿ ಬೆರಳಿಗೆ ತಪ್ಪುತ್ತಿರಲಿಲ್ಲ. ರಾಷ್ಟ್ರೀಯ ಏಕತೆಯ ಹಳೆ ಎರಡು ರೂಪಾಯಿಗೆ ಹನ್ನೊಂದು ಮೂಲೆ. ಬೆರಳಲ್ಲಿ ತಿರುಗಿಸುತ್ತ ಎಣಿಸಿ.

ಈ ಜಾಣ್ಮೆ ತಪ್ಪಿದ ಉದಾಹರಣೆಯೂ ನಮ್ಮಲ್ಲೇ ಇದೆ. ಹಸ್ತಮುದ್ರೆಯ ಒಂದು ರೂಪಾಯಿ ಮತ್ತು 2011ರ ಎರಡು ರೂಪಾಯಿ ತೆಗೆದುಕೊಳ್ಳಿ. ಎರಡೂ 25 ಮಿಲಿಮೀಟರ್, ಎರಡೂ 4.85 ಗ್ರಾಂ, ಎರಡೂ ಬಿಳಿ ಉಕ್ಕು. ಕಣ್ಣು ಮುಚ್ಚಿ ಹೇಳಿ, ಯಾವುದು ಯಾವುದು? ಕಣ್ಣಿದ್ದವರೇ ತಡವರಿಸುತ್ತಿದ್ದರೆ ದೃಷ್ಟಿಯಿಲ್ಲದವರ ಪಾಡೇನು! 2019ರ ಮಾರ್ಚ್‌ನಲ್ಲಿ ಅಂಧರಿಗೂ ಗುರುತು ಸಿಗುವಂತೆ ಹೊಸ ಸರಣಿ ಬಂತು. ಅದರ 20 ರೂಪಾಯಿಗೆ ಹನ್ನೆರಡು ಮೂಲೆ, ಎರಡು ಲೋಹ, ಮೇಲೆ ಧಾನ್ಯದ ತೆನೆ. ಬೆರಳಿನ ಭಾಷೆ ಮತ್ತೆ ಬಂದದ್ದು ನನಗೆ ತುಂಬ ಸಂತೋಷದ ವಿಷಯ.

ಅಂಚನ್ನೂ ಮರೆಯಬೇಡಿ. 1992ರಿಂದ ಬಂದ ದಪ್ಪನೆಯ ಐದು ರೂಪಾಯಿಯ ಅಂಚಿನ ಮೇಲೆ ಉಗುರು ಓಡಿಸಿ. ನಡುವೆ ಒಂದು ತೋಡು ಸುತ್ತಲೂ ಹರಿದಿದೆ. ಖೋಟಾ ಮಾಡುವವರಿಗೆ ಕಷ್ಟವಾಗಲೆಂದು ಹಾಗೆ ಮಾಡಿದ್ದು. ಆ ನಾಣ್ಯ 9 ಗ್ರಾಂ ತೂಗುತ್ತಿತ್ತು. 2011ರ ಸರಣಿಯ ಹಳದಿ ಐದು ರೂಪಾಯಿ ಅಷ್ಟೇ ಅಗಲವಿದ್ದರೂ 6 ಗ್ರಾಂ. ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡರೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

7. ಆಯಸ್ಕಾಂತ ಹಿಡಿಯಿರಿ. ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ ಅಂಟಿಕೊಳ್ಳುತ್ತದೆ. ತಾಮ್ರ-ನಿಕ್ಕಲ್ ಬೆರೆತ ಹಳೆಯ ಐದು ರೂಪಾಯಿ ಅಂಟುವುದಿಲ್ಲ, ಅಲ್ಯೂಮಿನಿಯಂ ಪೈಸೆಯೂ ಇಲ್ಲ. 1950ರ ದಶಕದ ರೂಪಾಯಿ ಅಂಟಿದರೆ ನಕಲಿ ಎಂದು ಹೆದರಬೇಡಿ. ಅದು ಶುದ್ಧ ನಿಕ್ಕಲ್, ನಿಕ್ಕಲನ್ನೂ ಆಯಸ್ಕಾಂತ ಎಳೆಯುತ್ತದೆ. ಲೋಹ ತಿಳಿದರೆ ಉಬ್ಬು ಯಾಕೆ ಹಾಗಿದೆ ಎಂಬುದೂ ತಿಳಿಯುತ್ತದೆ: ಉಕ್ಕು ಗಟ್ಟಿ, ಅಚ್ಚಿಗೆ ಸುಲಭಕ್ಕೆ ಬಗ್ಗದು, ಆದ್ದರಿಂದ ಅದರ ಚಿತ್ರಗಳು ಚಪ್ಪಟೆ. ತಾಮ್ರ, ಬೆಳ್ಳಿ, ಚಿನ್ನ ಮೆದು, ಹಳೆ ಕಾಲದ ನಾಣ್ಯದ ಉಬ್ಬು ಎತ್ತರ.

8. ಇಸವಿಯ ಕೆಳಗಿನ ಚುಕ್ಕಿ. ವರ್ಷದ ಅಂಕಿಯ ಕೆಳಗೆ ಮಸೂರ ಹಿಡಿದರೆ ಟಂಕಸಾಲೆಯ ಗುರುತು ಸಿಗುತ್ತದೆ. ವಜ್ರಾಕೃತಿ ಇದ್ದರೆ ಮುಂಬೈ, ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೊಯ್ಡಾದಲ್ಲಿ ಕೆಲಸ ಶುರುವಾದದ್ದು 1988ರಲ್ಲಿ. ನಮ್ಮವರಿಗೆ ಬೇಡಿಕೆ ಪೂರೈಸಲಾಗದ ವರ್ಷಗಳಲ್ಲಿ ಹೊರದೇಶದಲ್ಲೂ ಅಚ್ಚು ಹಾಕಿಸಿದ್ದಾರೆ. 1985ರ ಒಂದು ರೂಪಾಯಿಯ ಇಸವಿಯ ಕೆಳಗೆ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನದು. ಒಂದೇ ವರ್ಷದ ನಾಲ್ಕು ಊರಿನ ನಾಣ್ಯ ಹುಡುಕುವುದು ಮಕ್ಕಳಿಗೆ ರಜೆಯ ಒಳ್ಳೆಯ ಆಟ.

9. ಪೆನ್ಸಿಲ್ ತೀಡಿ. ನೋಟ್‌ಬುಕ್ಕಿನ ಹಾಳೆಯ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ತೀಡುವುದನ್ನು ನಾವೆಲ್ಲ ಶಾಲೆಯಲ್ಲಿ ಮಾಡಿದ್ದೇವೆ. ತೆಳು ಕಾಗದ ಬಳಸಿ, ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಒಂದೇ ದಿಕ್ಕಿನಲ್ಲಿ ತೀಡಿ. ಕಣ್ಣಿಗೆ ಕಾಣದ ಗೆರೆ ಕಾಗದದಲ್ಲಿ ಬರುತ್ತದೆ. ಪಕ್ಕದಲ್ಲಿ ಇಸವಿ, ಲೋಹ, ಟಂಕಸಾಲೆ, ನಿಮಗೆ ಹಿಡಿಸಿದ್ದು ಏನು ಎಂದು ಎರಡು ಸಾಲು ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ಫ್ಲ್ಯಾಷ್ ಬೇಡವೇ ಬೇಡ. ಎರಡು ಪುಸ್ತಕದ ಮೇಲೆ ಫೋನನ್ನು ಸೇತುವೆಯಂತೆ ಇಟ್ಟು, ಕಿಟಕಿಯ ಬೆಳಕಲ್ಲಿ ತೆಗೆಯಿರಿ.

ಸಾಮಾನ್ಯವಾಗಿ ಮಾಡುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು ತೊಳೆಯುವುದು. ಹಿತ್ತಾಳೆ ಪಾತ್ರೆ ಹುಣಸೆಹಣ್ಣಿಗೆ ಫಳಫಳ ಹೊಳೆಯುವುದನ್ನು ಕಂಡು ಬೆಳೆದ ನಮಗೆ ಕಪ್ಪು ನಾಣ್ಯ ಕಂಡರೆ ಕೈ ಸುಮ್ಮನಿರುವುದಿಲ್ಲ. ಕುದುರೆಯ ಒಂದು ಪೈಸೆಯನ್ನು ನಾನೂ ಹುಣಸೆಹುಳಿ, ಉಪ್ಪು ಹಾಕಿ ಉಜ್ಜಿದ್ದೆ. ಐದು ನಿಮಿಷ ಹೊಸ ತಾಮ್ರದಂತೆ ಕೆಂಪಗೆ ಹೊಳೆಯಿತು. ಮಸೂರ ಹಿಡಿದಾಗ ಕುದುರೆಯ ಮೈ ತುಂಬ ಗೀರು, ಅಲ್ಲಲ್ಲಿ ಗುಳಿ. ತಾಮ್ರದ ಮೇಲಿನ ಕಂದು ಪದರ ಕೊಳೆಯಲ್ಲ. ಲೋಹ ಗಾಳಿಯೊಡನೆ ಸೇರಿ ಹತ್ತಾರು ವರ್ಷದಲ್ಲಿ ತಾನೇ ಹೊದ್ದುಕೊಂಡ ರಕ್ಷೆ. ಹುಳಿ ಆ ಪದರವನ್ನು ಕರಗಿಸುವಾಗ ಅದರ ಜೊತೆ ಗೆರೆಗಳ ಚೂಪೂ ಹೋಗುತ್ತದೆ. ನಿಂಬೆ, ಬೂದಿ, ಟೂತ್‌ಪೇಸ್ಟ್, ಸ್ಕ್ರಬ್ಬರ್, ಯಾವುದೂ ಬೇಡ. ಅಂಟಿದ ಮಣ್ಣಿದ್ದರೆ ಬಟ್ಟಿ ಇಳಿಸಿದ ನೀರಲ್ಲಿ ನೆನೆಸಿ, ಉಜ್ಜದೆ ಬಟ್ಟೆಯಿಂದ ಒತ್ತಿ ಒಣಗಿಸಿ. ಆ ಕುದುರೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿ ತೊಳೆಯದ ಇನ್ನೊಂದು ಕುದುರೆಯನ್ನೂ.

ಪೂಜೆಯ ನಾಣ್ಯಕ್ಕೂ ಈ ಮಾತು. ಅರಿಶಿನ, ಕುಂಕುಮ, ಹಾಲು-ಮೊಸರಿನ ಅಭಿಷೇಕ ಆದ ನಾಣ್ಯವನ್ನು ಹಾಗೇ ಎತ್ತಿಟ್ಟರೆ ಮುಂದಿನ ವರ್ಷಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಪೂಜೆ ಮುಗಿದ ದಿನವೇ ನೀರಲ್ಲಿ ಅದ್ದಿ ಒಣಗಿಸಿ ಇಡಿ.

ಇನ್ನೊಂದು ತಪ್ಪು ಪ್ಲಾಸ್ಟಿಕ್ ಆಲ್ಬಮ್. ಮೆತ್ತಗೆ ಬಗ್ಗುವ, ವಾಸನೆ ಬರುವ ಪಿವಿಸಿ ಹಾಳೆಗಳು ಕಾಲಕ್ರಮದಲ್ಲಿ ಲೋಹದ ಮೇಲೆ ಹಸಿರು ಜಿಗುಟು ಬಿಡುತ್ತವೆ. ಆಮ್ಲರಹಿತ ಕಾಗದದ ಲಕೋಟೆ, ಅಥವಾ ನಾಣ್ಯದ ಅಂಗಡಿಯಲ್ಲಿ ಸಿಗುವ ರಟ್ಟಿನ ಚೌಕಟ್ಟು ಒಳ್ಳೆಯದು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಲೇಬೇಕು. ಗೋಂದು, ಸೆಲ್ಲೊಟೇಪ್, ಲ್ಯಾಮಿನೇಷನ್ ಯಾವತ್ತೂ ಬೇಡ.

ಎಚ್ಚರ

ಮೋಸದ ಕರೆಗಳಿಗೆ ಬಲಿಯಾಗಬೇಡಿ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು ವಂಚಕರು. ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಹಳೆ ನಾಣ್ಯ, ನೋಟಿಗೆ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಕೋಟ್ಯಂತರ ಸಂಖ್ಯೆಯಲ್ಲಿ ಅಚ್ಚಾದ ನಾಣ್ಯ ಅಪರೂಪದ್ದಾಗಲಾರದು.

ಚಲಾವಣೆಯ ನಾಣ್ಯವನ್ನು ಕರಗಿಸುವುದು, ಕತ್ತರಿಸುವುದು, ವಿರೂಪಗೊಳಿಸುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ. ಪದಕ ಮಾಡಿಸಲು ತೂತು ಕೊರೆಸುವ ಮುನ್ನ ಇದು ನೆನಪಿರಲಿ. ಹೊಲ ಉಳುವಾಗ, ಪಾಯ ತೋಡುವಾಗ ಹಳೆ ನಾಣ್ಯದ ಗಂಟು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಕಾಯ್ದೆ ಹಾಗೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದ ಮಗಳಿಗೋ ಮಗನಿಗೋ ನೆನಪಿಗೆಂದು ಕಳಿಸುವುದೂ ಕಾನೂನಿಗೆ ವಿರುದ್ಧ, ಅದು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ.

ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎನ್ನುವ ಅಂಗಡಿಯವರು ಇನ್ನೂ ಇದ್ದಾರೆ. ಅದರ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ನಿಮಗೆ ಕಲಿಯಲು ಅದು ಲಾಭವೇ: ಬೇರೆ ಬೇರೆ ಚಿತ್ರದ ಹತ್ತು ರೂಪಾಯಿಗಳನ್ನು ಸಾಲಾಗಿ ಇಟ್ಟರೆ ಮನೆಯಲ್ಲೇ ಒಂದು ಪ್ರದರ್ಶನ.

ಕಣ್ಣು ಪಳಗಿದ ಮೇಲೆ

ದೊಡ್ಡವರ ಕೆಲಸ ನೋಡಲು ಹೊರಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ, ಮುಂಬೈಗೆ ಹೋದಾಗ ಫೋರ್ಟ್ ಪ್ರದೇಶದ ರಿಸರ್ವ್ ಬ್ಯಾಂಕ್ ನಾಣ್ಯ ಸಂಗ್ರಹಾಲಯ. ಮಸೂರ ಜೇಬಿನಲ್ಲಿರಲಿ. ಇತಿಹಾಸ ಓದಬೇಕೆನಿಸಿದರೆ ಎ.ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಗ್ರಂಥಾಲಯದಲ್ಲಿ ಕೇಳಿ. ಗಾಜಿನ ಹಿಂದಿನ ವರಹವನ್ನು ನೋಡುವಾಗ ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಲೆ ಬಗ್ಗಿಸಿ, ಬೆಳಕು ಓರೆಯಾಗುವ ಜಾಗ ಹುಡುಕುತ್ತೀರಿ. ನಾಲ್ಕಾಣೆ ಕಲಿಸಿದ ಪಾಠ ಅಲ್ಲಿ ಕೆಲಸಕ್ಕೆ ಬರುತ್ತದೆ.

25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. ಘೇಂಡಾಮೃಗ, ತಾವರೆ, ಹೂವಿನ ಅಂಚಿನ ಹತ್ತು ಪೈಸೆ, ಯಾವುದರಿಂದಲೂ ಈಗ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ. ಇರುವುದು ನಿಮ್ಮ ಮನೆಯ ಡಬ್ಬಿಯಲ್ಲಿ ಮಾತ್ರ. ಈ ಭಾನುವಾರ ಅಟ್ಟ ಹತ್ತಿ ಅದನ್ನು ಇಳಿಸಿ. ಒಂದನ್ನು ಆರಿಸಿ, ದೀಪ ಬಗ್ಗಿಸಿ. ನೋಡಿ ಮುಗಿದ ಮೇಲೆ ಅದು ಯಾರ ಡಬ್ಬಿಯಲ್ಲಿ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆಗೇ ಇಡಿ.